ಶವದ ತಲೆಯ ಬಳಿ ಸಿಕ್ಕ ಜಾಗ

ಕಾತೊ ಲಿಥಾರಿ, ಮಾನಿ
೧೬ ನವೆಂಬರ್ ೧೯೬೧

ನನ್ನ ಮುದ್ದು ಮೆತಾಕ್ಸಿಯಾ,

ನಿನಗೂ ಮಗುವಿಗೂ ಅಮ್ಮನ ಮುತ್ತುಗಳು. ನಿಂತುಕೊಂಡು ಓದಬೇಡ, ಕೂತುಕೋ. ಸ್ತಮಾತಾ ಹೋಗಿಬಿಟ್ಟಳು ಕಣೇ. ಭಾನುವಾರ ಮಣ್ಣು ಮಾಡಿದೆವು.

ಖುಷಿಯಾಯಿತಾ? ಆದರೂ ತಪ್ಪಿಲ್ಲ. ಗಂಡುಮಕ್ಕಳಿಲ್ಲದ ಮನೆಯ ಹೆಣ್ಣು ನಮಗೆ ಬೇಡ ಅಂತ, ಮಗ ಲಿಂಬೆರಿಸ್ ಜೊತೆ ಆಗಿದ್ದ ನಿನ್ನ ನಿಶ್ಚಿತಾರ್ಥ ಮುರಿದವಳು ಅವಳೇ ಅಲ್ಲವಾ.

ಸಾವಿನ ಮನೆಯಲ್ಲಿ ನನ್ನಷ್ಟು ಚೆನ್ನಾಗಿ ಹಾಡಿ ಅಳುವವರು ಈ ಊರಿನಲ್ಲಿಲ್ಲ. ಆದರೂ ಗಂಡುಮಗನನ್ನು ಹೆರದ ವಿಧವೆ ಅಂತ ಪ್ರತಿ ಸಾವಿನಲ್ಲೂ ನನ್ನನ್ನು ಬಾಗಿಲ ಬಳಿಯೇ ಕೂರಿಸುತ್ತಿದ್ದರು. ಈ ಸಲ ಸ್ತಮಾತಾಳ ಮಗಳು ಪೊತಿತ್ಸಾ ಎದ್ದು ಬಂದು, ನೀನು ಅವ್ವನ ತಲೆಯ ಹತ್ತಿರ ಕೂತು ಹಾಡಬೇಕಂತೆ ಅತ್ತೆ, ಅವಳೇ ಹೇಳಿ ಹೋಗಿದ್ದಾಳೆ, ಅಂದಳು. ಹೆಂಗಸರೆಲ್ಲ ಮುಖ ಮುಖ ನೋಡಿಕೊಂಡರು. ಇವಳ ಬಾಯಿಗೆ ಸಿಕ್ಕರೆ ಸತ್ತವಳು ಇನ್ನೊಂದು ಸಲ ಸಾಯ್ತಾಳೆ ಬಿಡು, ಅಂತ ಮುದುಕಿ ಕಲಿಯೊ ಗೊಣಗಿದಳು.

ಅವಳದೇನೂ ತಪ್ಪಿಲ್ಲ. ಹಾಡಿನಲ್ಲಿ ಏನಂದರೂ ಯಾರೂ ತಡೆಯುವಂತಿಲ್ಲ, ಮತ್ತೆ ಎಂಟು ವರ್ಷದಿಂದ ನಾನು ಬೈಗುಳದ ಸಾಲುಗಳನ್ನು ಕಟ್ಟಿಟ್ಟುಕೊಂಡಿದ್ದೆ. ಪೊತಿತ್ಸಾ ನನ್ನ ಕೈ ಹಿಡಿದು ಹೆಂಗಸರ ಸಾಲು ದಾಟಿಸಿದಳು. ಸತ್ತವಳ ಮುಖ ನೋಡಿದೆ, ಬಾಯಿಗೆ ಬೈಗುಳ ಬರಲಿಲ್ಲ. ಸ್ತಮಾತಾ, ಅಲ್ಲಿ ನನ್ನ ಗಂಡ ಸಿಕ್ಕರೆ ಹೇಳು, ಪಿರೇಯಸ್‌ನಲ್ಲಿ ನನ್ನ ಮಗಳ ಹತ್ತಿರ ನಿಮ್ಮಿಬ್ಬರಿಗೂ ಏಳು ವರ್ಷದ ಮೊಮ್ಮಗಳಿದ್ದಾಳೆ, ಅವಳಿಗೆ ಸ್ತಮಾತಾ ಅಂತ ನಿನ್ನದೇ ಹೆಸರು, ಅಂತ ಹಾಡಿದೆ.

ಮೊದಲ ಹೆಣ್ಣುಮಗುವಿಗೆ ತಂದೆಯ ತಾಯಿಯ ಹೆಸರಿಡುತ್ತಾರೆ ಅನ್ನುವುದು ಆ ಕೋಣೆಯಲ್ಲಿ ಯಾರಿಗೆ ಗೊತ್ತಿಲ್ಲ? ಇಷ್ಟು ವರ್ಷ ಮುಚ್ಚಿಟ್ಟಿದ್ದನ್ನು ನಿನ್ನನ್ನೊಂದು ಮಾತು ಕೇಳದೆ ಬಿಚ್ಚಿಟ್ಟೆ. ಕೋಪ ಮಾಡಿಕೋ, ಆದರೆ ಪೂರ್ತಿ ಕೇಳು. ನನ್ನನ್ನು ಎಬ್ಬಿಸಿ ಹೊರಗೆ ಕಳಿಸುತ್ತಾರೆ ಅಂದುಕೊಂಡೆ. ಪೊತಿತ್ಸಾ ನನ್ನ ಕೈ ಬಿಡಲಿಲ್ಲ. ಕಲಿಯೊನೇ ಮುಂದಿನ ಸಾಲು ಎತ್ತಿಕೊಂಡಳು, ಹೆಂಗಸರೆಲ್ಲ ನಿನ್ನ ಮಗುವಿನ ಹೆಸರು ಹಿಡಿದು ಅತ್ತರು. ಅಂಗಳದಲ್ಲಿ ಗಂಡಸರ ಜೊತೆ ನಿಂತಿದ್ದ ಲಿಂಬೆರಿಸ್ ಟೋಪಿಯಿಂದ ಮುಖ ಮುಚ್ಚಿಕೊಂಡ. ಮಣ್ಣು ಮಾಡಿ ಬಂದ ಮೇಲೆ ಮೊದಲ ಕಾಫಿ ನನ್ನ ಕೈಗೇ ಬಂತು.

ಲಿಂಬೆರಿಸ್‌ಗೆ ಇನ್ನೂ ಮದುವೆಯಾಗಿಲ್ಲ. ಅಷ್ಟು ಹೇಳುತ್ತೇನೆ, ಉಳಿದದ್ದು ನಿನ್ನಿಷ್ಟ.

ನಿನ್ನದೇ ಯೋಚನೆಯಲ್ಲಿರುವ ಅಮ್ಮ,
ಗರುಫಲಿಯಾ

ತಾ.ಕ.: ಮಗುವಿನ ಫೋಟೊ ಕಳೆದುಹೋಯಿತು ಅಂತ ನಿನಗೆ ಸುಳ್ಳು ಬರೆದಿದ್ದೆ. ಹೋದ ತಿಂಗಳು ಸ್ತಮಾತಾ ಹಾಸಿಗೆ ಹಿಡಿದಾಗ, ಹೊಟ್ಟೆ ಉರಿಸಬೇಕೆಂದೇ ಒಯ್ದು ತೋರಿಸಿದೆ. ಅವಳು ವಾಪಸ್ ಕೊಡಲಿಲ್ಲ. ಬದುಕಿರೋವಾಗ ಊರೆದುರು ಇವಳನ್ನು ಮೊಮ್ಮಗಳು ಅಂತ ಒಪ್ಪಿಕೊಳ್ಳೋ ಧೈರ್ಯ ನನಗಿಲ್ಲ ಗರುಫಲಿಯಾ, ಸತ್ತ ಮೇಲೆ ನೀನೇ ಹಾಡಿಬಿಡು, ಅಂದಳು. ಫೋಟೊ ಅವಳ ಕೈಯಲ್ಲೇ ಮಣ್ಣಿಗೆ ಹೋಯಿತು. ಇನ್ನೊಂದು ಇದೆಯಾ ಅಂತ ಲಿಂಬೆರಿಸ್ ದಿನಾ ಬಂದು ಕೇಳುತ್ತಾನೆ. ಕಳಿಸಬೇಡ. ಮಗುವನ್ನೇ ಕರೆದುಕೊಂಡು ಬಾ.