ಮಿಣುಕಿಯ ಬಾಯಿಗೆ ತುಂಬಿದ ಮಾತು

ಬಫಲೋ,
೯ ಫೆಬ್ರವರಿ ೧೯೮೭, ಸೋಮವಾರ

ಪ್ರೀತಿಯ ನೋರೀನ್,

ಹೇಗಿದ್ದೀಯೇ? ಕೆಮ್ಮು ಕಡಿಮೆಯಾಯಿತೇ? ಅರಿಜೋನಾದ ಬಿಸಿಲಿಗೆ ನಿನ್ನ ಎದೆ ಸರಿಹೋಗುತ್ತದೆ ಎಂದು ಡಾಕ್ಟರು ಕಳಿಸಿದರೆ, ನೀನು ಅಲ್ಲಿಯೂ ಪರದೆ ಎಳೆದುಕೊಂಡು ಚಿತ್ರ ಬರೆಯುತ್ತ ಕೂತಿರುತ್ತೀ, ನನಗೆ ಗೊತ್ತಿಲ್ಲವೇ? ಇಲ್ಲಿ ಹಿಮ ಕಿಟಕಿಯ ಅರ್ಧಕ್ಕೆ ಬಂದಿದೆ. ನಿನ್ನೆ ಅಮ್ಮನ ಹಾಗೆ ಪಿಯೆರೋಗಿ ಕಡುಬು ಮಾಡಲು ಹೋದೆ, ಎಲ್ಲವೂ ಬಿಸಿನೀರಿನಲ್ಲೇ ಬಾಯಿಬಿಟ್ಟು ಒಳಗಿನ ಆಲೂಗಡ್ಡೆ ಗಂಜಿಯಾಯಿತು. ನೀನಿದ್ದಿದ್ದರೆ ಒಂದು ವಾರ ಆಡಿಕೊಳ್ಳುತ್ತಿದ್ದೆ. ಫೋನ್ ಮಾಡಿದರೆ ನನ್ನ ದನಿ ಕೇಳುತ್ತಲೇ ಇಟ್ಟುಬಿಡುತ್ತೀ, ಅದಕ್ಕೇ ಈ ಕಾಗದ. ಹರಿದುಹಾಕುವುದಾದರೆ ಪೂರ್ತಿ ಓದಿ ಹರಿದುಹಾಕು.

ನಮ್ಮ ಕಾಮಿಕ್ಸಿನಲ್ಲಿ ಮಿಣುಕಿಯನ್ನು ದ್ರೋಹಿ ಮಾಡಿದ್ದಕ್ಕೆ ನಿನಗೆ ಸಿಟ್ಟು. ನಿನ್ನ ಚಿತ್ರದಲ್ಲಿ ಅವಳು ನಮ್ಮ ನಾಯಕಿ ತಾಮ್ರರಾಣಿಯ ಬೆನ್ನ ಹಿಂದೆ ಕೈಯೆತ್ತಿ ನಿಂತದ್ದು, ಮೇಲಿಂದ ಬೀಳುತ್ತಿದ್ದ ತೊಲೆಯನ್ನು ತಡೆಯಲು. ಆದರೆ ನಮ್ಮ ಕಸುಬಿನ ಕ್ರಮವೇ ಹಾಗಲ್ಲವೇ? ಮೊದಲು ನಿನ್ನ ಚಿತ್ರ, ಆಮೇಲೆ ಸಂಪಾದಕ ಪ್ರೂಯಿಟ್ ಟೈಪು ಮಾಡಿ ಕಳಿಸುವ ಮಾತು, ಕೊನೆಗೆ ಮಾತಿನ ಗುಳ್ಳೆಯೊಳಗೆ ನನ್ನ ಅಕ್ಷರ. ಅವನು ಮಿಣುಕಿಯ ಬಾಯಿಗೆ "ಈ ದಿನಕ್ಕೇ ಕಾಯ್ತಿದ್ದೆ ಕಣೇ, ಸಾಯಿ" ಎಂಬ ಮಾತು ಹಾಕಿದ. ಗುಳ್ಳೆಯನ್ನು ಸರಿಯಾಗಿ ಆ ತೊಲೆಯ ಮೇಲೇ ಇಡಬೇಕೆಂದು ಗುರುತು ಮಾಡಿದ. ತೊಲೆ ಮುಚ್ಚಿಹೋಯಿತು, ಕಾಪಾಡಲು ಎತ್ತಿದ ಕೈ ಕೊಲ್ಲುವ ಕೈಯಾಯಿತು. ಮುಂದಿನ ಸಂಚಿಕೆಯಲ್ಲಿ ಗೆಳತಿಯರಿಬ್ಬರೂ ಒಬ್ಬರ ಮೇಲೊಬ್ಬರು ಬಿದ್ದರು, ಓದುಗರು ಮಿಣುಕಿಯನ್ನು ಬಾಯಿಗೆ ಬಂದಂತೆ ಬೈದು ಬರೆದರು.

ನೀನು ಫೋನಿನಲ್ಲಿ "ನನ್ನ ಹುಡುಗೀನ ಹಾಳು ಮಾಡ್ಬಿಟ್ಯಲ್ಲೇ ಅಕ್ಕ, ಆ ಮಾತು ನಿಂದೇ ಅಂತೆ, ಪ್ರೂಯಿಟ್ ಹೇಳಿದ" ಎಂದು ಕಿರುಚಿದಾಗ ನಾನು "ಹೌದು, ನಂದೇ, ಏನೀಗ?" ಎಂದೆ. ನನ್ನದಲ್ಲ ನೋರಿ. ಅದರ ಹಿಂದಿನ ದಿನವಷ್ಟೇ ಅವನು ನನಗೆ ಫೋನ್ ಮಾಡಿ, "ವಿಲ್ಮಾ ಅವರೇ, ನಿಮ್ಮ ಕೈ ನಡುಗ್ತಿದೆಯಂತೆ, ಬೇರೆ ಯಾರ್ನಾದ್ರೂ ನೋಡಿ ಅಂತಿದ್ದಾಳೆ ನಿಮ್ಮ ತಂಗಿ. ಪಾಪ, ಬೇಜಾರು ಮಾಡ್ಕೋಬೇಡಿ" ಎಂದಿದ್ದ. ಆ 'ಪಾಪ'ದ ಸಿಟ್ಟಿಗೇ ನಿನಗೆ ಹಾಗೆಂದುಬಿಟ್ಟೆ. ಇಡೀ ಆಯುಷ್ಯ ಒಬ್ಬರ ಮಾತನ್ನು ಇನ್ನೊಬ್ಬರ ಬಾಯಲ್ಲಿ ಬರೆದೇ ಅನ್ನ ತಿಂದವಳು ನಾನು, ಅವನು ನಿನ್ನ ಬಾಯಿಗೂ ಮಾತು ತುಂಬಿದ್ದು ನನಗೇ ಹೊಳೆಯಲಿಲ್ಲ ನೋಡು.

ಇವತ್ತು ಬೆಳಿಗ್ಗೆ ಹೊಸ ಸಂಚಿಕೆಯ ನಿನ್ನ ಹಾಳೆಗಳು ಬಂದವು. ಅಮ್ಮನ ಅಡುಗೆಮನೆಯ ಮೇಜು, ತಾಮ್ರರಾಣಿ, ಮಿಣುಕಿ. ಮಿಣುಕಿ ಅವಳ ಕೈಹಿಡಿದಿದ್ದಾಳೆ. ತಾಮ್ರರಾಣಿಯ ಕಿರುಬೆರಳು ಸೊಟ್ಟ! ನಿನ್ನನ್ನು ಹಿಮಬಂಡಿಯಲ್ಲಿ ಕೂರಿಸಿ ಎಳೆಯುವಾಗ ಮುರಿದುಕೊಂಡ ನನ್ನ ಬೆರಳು. ನನ್ನ ಕೈ ಬೇಡವೆಂದವಳು ನನ್ನ ಬೆರಳನ್ನು ಅಷ್ಟು ಅಕ್ಕರೆಯಿಂದ ಬರೆಯುತ್ತಾಳೆಯೇ? ಕೂತು ಅತ್ತುಬಿಟ್ಟೆ. ಪ್ರೂಯಿಟ್ ಕಳಿಸಿದ ಮಾತಿನಲ್ಲಿ ಮತ್ತೆ ಜಗಳವೇ ಇತ್ತು. ನಾನು ಒಂದಕ್ಷರವನ್ನೂ ಬರೆದಿಲ್ಲ, ಗುಳ್ಳೆಗಳು ಖಾಲಿಯಾಗಿವೆ. ಅವನು ಹುಳಿ ಹಿಂಡಿದ್ದು ಯಾಕೆಂದು ಈಗ ತಿಳಿಯಿತು. ತಾಮ್ರರಾಣಿಯ ಹಕ್ಕು ನಮ್ಮಿಬ್ಬರದು, ಇಬ್ಬರೂ ರುಜು ಹಾಕದೆ ಅವಳು ಅವನ ಕಂಪನಿಯ ಪಾಲಾಗುವುದಿಲ್ಲ. ನಾವು ಒಂದಾಗಿರುವವರೆಗೆ ಅವನ ಬೇಳೆ ಬೇಯುವುದಿಲ್ಲ.

ಎದೆಗೆ ಬೆಚ್ಚಗೆ ಹೊದ್ದುಕೋ, ಔಷಧಿ ತಪ್ಪಿಸಬೇಡ. ಮೇರಿ ಮಾತೆ ನಿನ್ನನ್ನು ಕಾಯಲಿ.

ನಿನ್ನ ಸೊಟ್ಟ ಬೆರಳಿನ ಅಕ್ಕ,
ವಿಲ್ಮಾ

ಮತ್ತೆ: ಟಪಾಲಿನವನು ಬರುವ ಹೊತ್ತಾಯಿತು. ಮೇಲೆ ಬರೆಯಲು ಧೈರ್ಯ ಬರಲಿಲ್ಲ. ಹೋದ ಶುಕ್ರವಾರ ಪ್ರೂಯಿಟ್ ಮನೆಗೇ ಬಂದಿದ್ದ. "ನೋರೀನ್ ಆಗಲೇ ರುಜು ಹಾಕಿಯಾಯ್ತು, ನಿಮಗ್ಯಾಕೆ ಹಟ?" ಎಂದ. ನಿನ್ನ ಮೇಲಿನ ಸಿಟ್ಟಿಗೆ ನಾನೂ ಹಾಕಿಬಿಟ್ಟೆ. ನೋರಿ, ಅದೂ ಅವನ ಸುಳ್ಳೇ ಆಗಿರಲಿ ಎಂದು ಬೆಳಿಗ್ಗೆಯಿಂದ ದೇವರನ್ನು ಬೇಡುತ್ತಿದ್ದೇನೆ.