ನಾರ್ಮಲ್ ಎಂದು ಬರೆದ ಟ್ಯೂಬ್

ಜನವರಿ 5, ಸೋಮವಾರ. ಬೆಳಗ್ಗೆ 7
ಲ್ಯಾಬ್ ಬೀಗ ತೆಗೆದೆ. ಎಡಗೈಯಿಂದ ನನ್ನದೇ ರಕ್ತ ತೆಗೆದು ಟ್ಯೂಬಿನ ಮೇಲೆ 'ನಾರ್ಮಲ್' ಎಂದು ಬರೆದೆ. ಮಷೀನ್ ಸರಿ ಇದೆಯೋ ನೋಡಲು ಕಂಪನಿ ಕೊಡುವ, ಅಳತೆ ಗೊತ್ತಿರುವ ಸ್ಯಾಂಪಲ್ಲಿನ ಸೀಸೆ ಮುಗಿದು ವರ್ಷವಾಯಿತು. ಮಾಲೀಕ ಪಂಪಾಪತಿ ಸರ್ ಅವರದು ಒಂದೇ ಮಾತು: "ನೀ ಗಟ್ಟಿ ಅದಿಯಲ್ಲ ಸುರೇಖಾ, ನಿಂದ ಹಾಕು." ರಕ್ತದಲ್ಲಿ ಎಎಫ್‌ಪಿ ಎಂಬ ಅಂಶ ಹತ್ತು ದಾಟಿದರೆ ಡಾಕ್ಟರಿಗೆ ಲಿವರ್ ಕ್ಯಾನ್ಸರಿನ ಅನುಮಾನ. ನನ್ನದು ಯಾವಾಗಲೂ ನಾಲ್ಕು. ಗಂಗಾವತಿಯ ಲಿವರ್‌ಗಳಿಗೆಲ್ಲ ನಾನೇ ಅಳತೆಗೋಲು!

ಫೆಬ್ರುವರಿ 2
ನನ್ನ ಟ್ಯೂಬ್ ಹದಿಮೂರು. ಕೆಮಿಕಲ್ ಹಾಳಾಗಿರಬೇಕು. ಬದಲಿಸಿದೆ. ಮತ್ತೆ ಹದಿಮೂರು...

ಮಾರ್ಚ್ 2
ಇಪ್ಪತ್ತನಾಲ್ಕು. ದರಿದ್ರ ಮಷೀನ್. ಎಲ್ಲರ ರಿಸಲ್ಟನ್ನೂ ಆರರಿಂದ ಭಾಗಿಸುವಂತೆ ಸೆಟ್ ಮಾಡಿದೆ. ನಾಲ್ಕು ಬಂತು. ನೆಮ್ಮದಿ.
ಇರಕಲ್ಲಗಡದ ಬಾಲಪ್ಪ ಬಂದಿದ್ದ. ಹೆಪಟೈಟಿಸ್ ಬಿ — ಆರು ತಿಂಗಳಿಗೊಮ್ಮೆ ಇದೇ ಟೆಸ್ಟ್. ಎಂಟು. ನಾರ್ಮಲ್ ಎಂದೆ. ಹೆಂಡತಿ ಮುದುಕವ್ವ ಕೈಮುಗಿದಳು. "ನಿಮ್ಮ ಕೈಗುಣ ಭಾಳ ಛಲೋ ಐತ್ರಿ ಅಕ್ಕಾರ." ಪೇರಲ ಹಣ್ಣು ಕೊಟ್ಟಳು. ತಿನ್ನಲಾಗಲಿಲ್ಲ. ಈಚೆಗೆ ಹಸಿವೇ ಇಲ್ಲ. ಬಿಸಿಲಿಗಿರಬೇಕು.

ಮಾರ್ಚ್ 30
ಭಾಗಿಸಿದ ಮೇಲೂ ಒಂಬತ್ತು. ಹೋದ ವಾರದ ಐವರ ಟ್ಯೂಬ್ ಮತ್ತೆ ಹಾಕಿದೆ. ಯಾರದೂ ಏರಿಲ್ಲ. ಏರುತ್ತಿರುವುದು ನನ್ನದೊಂದೇ... ಒತ್ತಿ ಹಿಡಿದರೂ ಏಳುತ್ತದೆ. ಟ್ಯೂಬನ್ನು ಫ್ರಿಜ್ಜಿನಲ್ಲಿಟ್ಟು ಬಾಗಿಲು ಹಾಕಿ ದೂರ ಕೂತೆ. ಹೆದರಿಕೆ ಆಯಿತು, ಹೌದು.

ಏಪ್ರಿಲ್ 6, ಮಧ್ಯಾಹ್ನ 3
ಮಷೀನ್ ರಿಪೇರಿಗೆ ಕಂಪನಿಯ ವಾಹೀದ ಬಂದ. ಸೀಲ್ ಒಡೆಯದ ಸೀಸೆ ಹಾಕಿ ನೋಡಿದ. "ಮಷೀನ್ ಬರೋಬರಿ ಐತ್ರಿ ಮೇಡಂ. ಈ ಭಾಗಾಕಾರ ಯಾಕ ಹಾಕೀರಿ?" ತೆಗೆದುಬಿಟ್ಟ. ಆಮೇಲೆ ನನ್ನ ಟ್ಯೂಬ್ ಹಾಕಿದ. ಐವತ್ತೆಂಟು.
"ನಾರ್ಮಲ್ ಅಂತ ಬರದೀರಲ್ರಿ... ಯಾರದಿದು? ಲಗೂನ ಡಾಕ್ಟರ್ ಕಡೆ ಹೋಗಾಕ ಹೇಳ್ರಿ ಅವರಿಗೆ."
"ಹೇಳ್ತೀನ್ರಿ" ಎಂದೆ.

ಸಂಜೆ 5
ಭಾಗಿಸಿದ ರಿಪೋರ್ಟುಗಳನ್ನೆಲ್ಲ ಆರರಿಂದ ಗುಣಿಸಿ ನೋಡಿದೆ; ಹತ್ತು ದಾಟಿದ್ದು ಒಂದೇ. ಬಾಲಪ್ಪನದು ಎಂಟಲ್ಲ. ನಲವತ್ತೆಂಟು. ಐದು ವಾರ ಕಳೆದುಹೋಗಿವೆ. ಫೋನ್ ಮಾಡಿದೆ. ಮುದುಕವ್ವ ಎತ್ತಿದಳು.
"ಆರಾಮ ಅದಾರ್ರಿ. ನೀವ ಹೇಳಿದ್ರಲ್ಲ, ನಾರ್ಮಲ್ ಅಂತ."
"ರಿಪೋರ್ಟ್ ತಪ್ಪೈತಿ. ತಪ್ಪು ನಂದು. ನಾಳೆ ಡಾಕ್ಟರ್ ಕಡೆ ಕರ್ಕೊಂಡು ಬರ್ರಿ, ನಾನೂ ತೋರಿಸ್ಬೇಕು."
ಮುದುಕವ್ವನ ದನಿ ಸಣ್ಣಗಾಯಿತು: "ನಿಮಗೇನಾಗೇತ್ರಿ? ನೀವು ಗಟ್ಟಿ ಅದೀರಲ್ಲ."

ಏಪ್ರಿಲ್ 7, ಬೆಳಗ್ಗೆ 7
ರಕ್ತ ತೆಗೆದೆ. 'ನಾರ್ಮಲ್' ಎಂದು ಬರೆಯಲು ಕೈ ತಾನೇ ಹೋಯಿತು. ತಡೆದೆ. ಮೊದಲ ಸಲ ಹೆಸರು ಬರೆದೆ — ಸುರೇಖಾ. ವಯಸ್ಸು 34. ಟೆಸ್ಟ್: ಎಎಫ್‌ಪಿ.