ಬೀರುವಿನಲ್ಲಿಟ್ಟ ಹಲ್ಲಿನ ಕಾರ್ಡು

ಹರಿಹರ,
ಮಾರ್ಗಶಿರದ ನಲವತ್ತೊಂದನೇ ದಿನ, ೨೧೮೭

ಹೇಮಾವತಮ್ಮ ಅಜ್ಜಿಗೆ,

ತಾರೀಖು ನೋಡಿ ಗಾಬರಿಯಾಗಬೇಡಿ, ನಮ್ಮ ತಿಂಗಳುಗಳು ಉದ್ದ. ನನ್ನ ಕನ್ನಡ ವಿಚಿತ್ರ ಅನ್ನಿಸಿದರೆ ಸಾರಿ. ಆರನೇ ವಯಸ್ಸಿನಿಂದ ಹಾಸ್ಟೆಲಿನಲ್ಲೇ ಬೆಳೆದವಳು, ಅರ್ಧ ಇಂಗ್ಲಿಷು ತಾನಾಗೇ ಬರುತ್ತೆ. ನಾನು ನಿಮ್ಮ ಮೊಮ್ಮಗಳು ಚಿನ್ಮಯಿಯ ಮರಿಮಗಳ ಮರಿಮಗಳು. ದಂತ ಕಾಲೇಜಿನಲ್ಲಿ ಫಸ್ಟ್ ಇಯರ್. ಇಲ್ಲಿ ಸೇರಿದ ಪ್ರತಿಯೊಬ್ಬರಿಗೂ ಒಂದೇ ಒಂದು ಹಿಂದೋಲೆ ಕೊಡುತ್ತಾರೆ. ಹಿಂದೋಲೆ ಅಂದರೆ ಕಳೆದ ಕಾಲಕ್ಕೆ ಹೋಗುವ ಕಾಗದ. ಒಮ್ಮೆ ಬರೆದರೆ ತಿದ್ದುವಂತಿಲ್ಲ. ನನ್ನ ರೂಮ್‌ಮೇಟು ಒಂದು ಯುದ್ಧ ನಿಲ್ಲಿಸಲು ಬರೆದಳು. ನಾನು ನಿಮ್ಮ ಅಲುಗಾಡುವ ಮುಂದಿನ ಹಲ್ಲಿಗಾಗಿ ಬರೆಯುತ್ತಿದ್ದೇನೆ ಅಂದಾಗ ಇಡೀ ಕ್ಲಾಸು ನಕ್ಕಿತು.

ನಮ್ಮಲ್ಲಿ ಪ್ರತಿ ಬೀದಿಯ ಮೂಲೆಗೂ ಒಂದು ಬಾಯಿಕಟ್ಟೆ ಇದೆ. ಅರವತ್ತು ದಾಟಿದವರೆಲ್ಲ ಬೆಳಿಗ್ಗೆ ಅಲ್ಲಿ ಬಂದು ಕೂರುತ್ತಾರೆ, ಟೀ ಕುಡಿಯುತ್ತಾರೆ, ಸೊಸೆಯಂದಿರ ಮೇಲೆ ದೂರು ಹೇಳುತ್ತಾರೆ. ನಾವು ಫಸ್ಟ್ ಇಯರಿನವರು ಟಾರ್ಚು ಹಿಡಿದು ಒಬ್ಬೊಬ್ಬರ ಬಾಯಿ ನೋಡುತ್ತೇವೆ. ನಿನ್ನೆ ತೊಂಬತ್ತರ ಒಬ್ಬ ತಾತ ಬೇಕಂತಲೇ ನನ್ನ ಬೆರಳು ಕಚ್ಚಿ, ‘ಹೆಂಗೈತಿ ಡಾಕ್ಟ್ರೇ, ಗಟ್ಟಿ ಅದಾವಿಲ್ಲೋ?’ ಅಂದರು. ಗಟ್ಟಿ ಇದ್ದವು. ವಿಮೆಯ ಚೀಟಿ ಯಾರೂ ಕೇಳುವುದಿಲ್ಲ. ಮೈಗೆ ಒಂದು ಚೀಟಿ, ಬಾಯಿಗೆ ಇನ್ನೊಂದು ಅನ್ನುವ ಮಾತೇ ಅವರಿಗೆ ಗೊತ್ತಿಲ್ಲ.

ನಿಮ್ಮ ಕಾಲದ ವಿಮೆ ಕಾಗದಗಳನ್ನು ನಮಗೆ ಇತಿಹಾಸ ಪೀರಿಯಡ್ಡಿನಲ್ಲಿ ಓದಿಸುತ್ತಾರೆ, ನಗು ಬರಲಿ ಅಂತ. ಮಂಡಿಚಿಪ್ಪಿಗೆ ಉಂಟು, ಕಣ್ಣಿನ ಪೊರೆಗೆ ಉಂಟು, ಹಲ್ಲಿಗೆ ಇಲ್ಲ. ಹಲ್ಲು ಅಂದದ ವಿಷಯವಂತೆ! ಹಲ್ಲೇನು ಮೂಗುಬೊಟ್ಟೇ? ಊಟ ಹೊಟ್ಟೆಗೆ ಯಾವ ದಾರಿಯಲ್ಲಿ ಹೋಗುತ್ತದೆ ಅಂದುಕೊಂಡಿದ್ದರೋ ಆ ಮಹಾನುಭಾವರು. ಅಲ್ಲಿ ಇಲ್ಲಿ ಒಂದು ಹಲ್ಲಿನ ವಿಮೆ ಇದ್ದರೂ ವಯಸ್ಸಿನ ಗಡಿ. ಹಲ್ಲು ಉದುರುವ ಹೊತ್ತಿಗೆ ಸರಿಯಾಗಿ ವಿಮೆಯೂ ಉದುರಬೇಕು. ಇದನ್ನು ಸಭೆ ಸೇರಿ, ಬಿಸ್ಕತ್ತು ಕಡಿದು, ತಮ್ಮ ಗಟ್ಟಿ ಹಲ್ಲಿನಲ್ಲೇ ಕಡಿದು, ತೀರ್ಮಾನ ಮಾಡಿದ ಜನ. ಹಲ್ಲಿನ ವಿಮೆಯ ಕಾರ್ಡಿಲ್ಲದ ಮುದುಕರು ಲವಂಗ ಕಚ್ಚಿಕೊಂಡು ಮನೆಯಲ್ಲಿ ಕೂತರು. ಆ ಮುದುಕರ ಮೇಲೆ ನನಗೆ ಸಿಟ್ಟಿಲ್ಲ.

ಸಿಟ್ಟು ನಿಮ್ಮ ಮೇಲೆ. ನಿಮಗೆ ಕಾರ್ಡಿತ್ತು! ನಿವೃತ್ತ ಶಿಕ್ಷಕರ ಸಂಘದವರು ಕೊಟ್ಟ ಹಲ್ಲಿನ ಕಾರ್ಡು, ಎಪ್ಪತ್ತು ತುಂಬುವವರೆಗೆ ಪ್ರತಿ ವರ್ಷ ತಪಾಸಣೆ, ಚಿಕಿತ್ಸೆ ಎಲ್ಲ. ಮೂವತ್ತೆರಡು ವರ್ಷ ಮಕ್ಕಳಿಗೆ ಉಗುರು, ಹಲ್ಲು ತೋರಿಸಿ ಅಂತ ಬೆತ್ತ ಹಿಡಿದು ನಿಂತ ಹೆಡ್‌ಮಿಸ್ಟ್ರೆಸ್ ನೀವು. ಆ ಕಾರ್ಡನ್ನು ಏನು ಮಾಡಿದಿರಿ? ರೇಷ್ಮೆ ಸೀರೆಯ ಮಡಿಕೆಯಲ್ಲಿಟ್ಟು ಬೀರುವಿಗೆ ಬೀಗ ಹಾಕಿದಿರಿ. ಚಿನ್ಮಯಿಗೆ ನೀವು ಕಳಿಸಿದ ವಾಯ್ಸ್ ಮೆಸೇಜು ನಮ್ಮ ಮನೆಯಲ್ಲಿ ಇನ್ನೂ ಇದೆ. ‘ಬಳಸಬ್ಯಾಡ ಅಂತಾರೆ ನಿಮ್ಮ ತಾತ. ಸ್ಕೂಟರಿಂದು ಕ್ಲೇಮ್ ಮಾಡ್ಲಿಲ್ಲ ಅಂದ್ರೆ ಬೋನಸ್ ಬರ್ತತಲ್ಲ, ಹಂಗೆ ಇದ್ರಾಗೂ ಬರ್ತತಂತೆ. ಹಲ್ಲು ಪೂರಾ ಹೋಗ್ಲಿ, ಆಮ್ಯಾಲೆ ಒಟ್ಟಿಗೆ ಮಾಡಿಸ್ತೀನಿ ಬಿಡೆ.’ ಹಿಂದಿನಿಂದ ಪಂಚಾಕ್ಷರಯ್ಯ ತಾತನ ದನಿ: ‘ಮತ್ತೇನು, ಸುಮ್ನೆ ಖರ್ಚಾಗ್ತತಿ ಕಾರ್ಡು!’

ಇಬ್ಬರೂ ಓದಿದವರು! ಕಾರ್ಡಿನ ಹಿಂದೆ ಬರೆದದ್ದನ್ನು ಒಬ್ಬರಾದರೂ ತಿರುಗಿಸಿ ನೋಡಬಾರದಿತ್ತೇ? ಬೋನಸ್ ಇಲ್ಲ. ವರ್ಷ ಕಳೆದರೆ ಆ ವರ್ಷದ್ದು ಕಳೆದಂತೆ. ಬಾಯಿ ಸ್ಕೂಟರ್ ಅಲ್ಲ ಅಜ್ಜಿ, ಶೆಡ್ಡಿನಲ್ಲಿ ನಿಲ್ಲಿಸಿದರೆ ಉಳಿಯುವುದಕ್ಕೆ.

ಇಷ್ಟೆಲ್ಲ ಬೈಯಲು ಕಾರಣ ಒಂದು ಹಾಡು. ಚಿನ್ಮಯಿಯ ಅಮ್ಮನ ಮದುವೆಯಲ್ಲಿ ನೀವು ಹಾಡಿದ ಆರತಿ ಹಾಡಿನ ರೆಕಾರ್ಡಿಂಗು ಇದೆ. ಎರಡನೇ ನುಡಿ ಮುಗಿಯುವಾಗ ಯಾರೋ ಊಟಕ್ಕೆ ಏಳಿ ಅನ್ನುತ್ತಾರೆ, ಅಲ್ಲಿಗೆ ರೆಕಾರ್ಡಿಂಗು ಕಟ್. ಮೂರನೆಯದು ನಿಮಗೊಬ್ಬರಿಗೇ ಬರುತ್ತಿತ್ತು. ಚಿನ್ಮಯಿಯ ಮದುವೆಯಲ್ಲಿ ಹಾಡುತ್ತೀರಿ ಅಂತ ಎಲ್ಲರೂ ಕಾದರು. ಅಷ್ಟರಲ್ಲಿ ಮುಂದಿನ ನಾಲ್ಕು ಹಲ್ಲು ಹೋಗಿದ್ದವು, ಕಾರ್ಡೂ ಮುಗಿದಿತ್ತು. ಫೋಟೋದಲ್ಲಿ ನೀವು ಸೆರಗನ್ನು ಬಾಯಿಗೆ ಒತ್ತಿಕೊಂಡು ಮೂಲೆಯಲ್ಲಿ ಕೂತಿದ್ದೀರಿ. ಆಮೇಲೆ ಯಾರೆದುರೂ ಬಾಯಿ ತೆರೆಯಲಿಲ್ಲವಂತೆ, ಊಟವೂ ಒಬ್ಬರೇ. ಅಂದಿನಿಂದ ನಮ್ಮ ಮನೆಯ ಪ್ರತಿ ಮದುವೆಯಲ್ಲೂ ಎರಡು ನುಡಿ ಹಾಡಿ, ಆರತಿ ತಟ್ಟೆ ಹಿಡಿದುಕೊಂಡು ಪೆದ್ದರ ಹಾಗೆ ನಿಲ್ಲುತ್ತೇವೆ.

ಈ ಕಾಗದ ನಿಮ್ಮ ಕೈಸೇರುವಾಗ ನಿಮಗೆ ಎಪ್ಪತ್ತಾಗಲು ಹನ್ನೊಂದು ದಿನ ಇರುತ್ತದೆ. ಲೆಕ್ಕ ನಾಲ್ಕು ಸಲ ನೋಡಿದ್ದೇನೆ, ಆದರೂ ಭಯ. ದಯವಿಟ್ಟು ಬೀರು ತೆಗೆಯಿರಿ. ತಾತನನ್ನು ಕೇಳಬೇಡಿ. ಒಸಡಿನ ಸೋಂಕು ಈಗ ತಡೆದರೆ ಹಲ್ಲು ನಿಲ್ಲುತ್ತದೆ, ಇಷ್ಟು ನನಗೂ ಪಾಠವಾಗಿದೆ.

ಉತ್ತರ ಬರೆಯಲು ನಿಮಗಾಗದು, ಗೊತ್ತು. ಮುಂದಿನ ತಿಂಗಳು ನನ್ನ ಅಕ್ಕನ ಮದುವೆ. ಎರಡನೇ ನುಡಿ ಮುಗಿದ ಮೇಲೆ ನಾನು ತಟ್ಟೆ ಇಳಿಸುವುದಿಲ್ಲ, ನೀವು ಬೀರು ತೆಗೆದಿದ್ದರೆ ಮೂರನೆಯದು ನನ್ನ ಬಾಯಿಗೂ ಬಂದೀತು ಅಂತ ಬಾಯಿ ತೆರೆದುಕೊಂಡೇ ನಿಂತಿರುತ್ತೇನೆ.

ನಿಮ್ಮ ಮೇಲೆ ಸಿಟ್ಟಿರುವ,
ಐಸಿರಿ